ನೋಡಿದ ಮೇಲೆ ಒಂದು ಚಿತ್ರ ಬರೆಯಲಿ

ಪೋಷಕರ ಸಭೆಯಲ್ಲಿ ಜಾಸ್ತಿ ಕೇಳಿಬರುವುದು ಒಂದೇ ದೂರು. "ಸರ್, ಪುಸ್ತಕ ಮುಟ್ಟಲ್ಲ. ಕೇಳಿದ್ರೆ ಯೂಟ್ಯೂಬ್‌ನಲ್ಲಿ ನೋಡ್ಕೊಂಡೆ ಅಂತಾನೆ." ಚಿತ್ರದುರ್ಗದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುವ ನನಗೆ ಇವರು ಸೋಮಾರಿಗಳು ಅನಿಸುವುದಿಲ್ಲ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಇವರು ಇನ್ನೂ ಚಿಕ್ಕವರು. ಪಾಠ ಬಂದಿದ್ದು ಅಪ್ಪನ ಫೋನಿನಲ್ಲಿ, ಇಲ್ಲವೇ ಚಂದನ ವಾಹಿನಿಯಲ್ಲಿ. ಮೊದಲು ನೋಡಿ ಆಮೇಲೆ ಓದುವುದನ್ನು ರೂಢಿ ಮಾಡಿಸಿದ್ದು ದೊಡ್ಡವರೇ ಅಲ್ವಾ?

ಬಣ್ಣಕ್ಕೂ ಸದ್ದಿಗೂ ಮರುಳಾಗಿ ಸುಮ್ನೆ ನೋಡುತ್ತಾರೆ ಅಂದುಕೊಳ್ಳಬೇಡಿ. ವಿಡಿಯೊವನ್ನು ನಿಲ್ಲಿಸಬಹುದು, ಹಿಂದಕ್ಕೆ ಹಾಕಬಹುದು. ತರಗತಿಯಲ್ಲಿ "ಇನ್ನೊಂದ್ಸಲ ಹೇಳಿ ಸರ್" ಅನ್ನಲು ನಾಚುವ ಹುಡುಗಿ ಮನೆಯಲ್ಲಿ ಅದೇ ಭಾಗವನ್ನು ಮೂರ್ನಾಲ್ಕು ಸಲ ನೋಡುತ್ತಾಳೆ. ಯಾರೂ ಬೈಯುವುದಿಲ್ಲ, ಪಕ್ಕದವರು ನಗುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿ, ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂ ಸೇರಿದ ಹಳ್ಳಿ ಮಕ್ಕಳಿಗಂತೂ ಇದು ದೊಡ್ಡ ಆಸರೆ. ಮೊದಲು ಕನ್ನಡದಲ್ಲಿ ಕೇಳಿ, ಆಮೇಲೆ ಇಂಗ್ಲಿಷ್‌ನಲ್ಲಿ ನೋಡುತ್ತಾರೆ. ಇದನ್ನು ಕೆಟ್ಟ ಚಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ತೊಂದರೆ ಬೇರೆ ಇದೆ. ನೋಡುತ್ತಿರುವಾಗ ಎಲ್ಲಾ ಗೊತ್ತಾದಂತೆ ಅನಿಸುತ್ತದೆ. ಪುಸ್ತಕವನ್ನು ಮತ್ತೆ ಮತ್ತೆ ಓದಿದರೂ ಹೀಗೇ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಪಾಠವನ್ನು ಎರಡನೇ ಸಲ ಓದಿದರು. ಉಳಿದವರು ಪಾಠ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಕೊಟ್ಟಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಕೊಟ್ಟಾಗ ಬರೆದವರು ಅವರನ್ನು ಹಿಂದೆ ಹಾಕಿದರು.

ಹಾಗಾಗಿ ನನ್ನ ತರಗತಿಯಲ್ಲಿ ವಿಡಿಯೊ ಜೊತೆಗೆ ಬರೆಯುವ ಕೆಲಸವೂ ಇರುತ್ತದೆ. ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಬಂಡೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿನಡಿ ಲಾವಾ ಉಕ್ಕಿತ್ತು. ಮಳೆಗೇ ಕಾಯುವ ಬಯಲುಸೀಮೆಯ ಮಗುವಿಗೆ ಇದನ್ನು ಬರೀ ಮಾತಿನಲ್ಲಿ ನಂಬಿಸುವುದು ಕಷ್ಟ. ಸಮುದ್ರದೊಳಗೆ ಲಾವಾ ಹರಿಯುವ ವಿಡಿಯೊ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಸ್ವಲ್ಪ ತೋರಿಸಿ, ನಡುವೆ ನಿಲ್ಲಿಸಿ, "ಮುಂದೆ ಏನಾಗುತ್ತೆ?" ಅಂತ ಕೇಳುತ್ತೇನೆ. ಮುಗಿದ ಮೇಲೆ ಪರದೆ ಆರಿಸಿ, ಹಾಳೆಯಲ್ಲಿ ಚಿತ್ರ ಬರೆಸುತ್ತೇನೆ. ದಿಂಬನ್ನು ಎಲ್ಲರೂ ಬರೆಯುತ್ತಾರೆ. ನೀರು ತಾಗಿದ ಕೂಡಲೇ ಹೊರಮೈ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಲಾವಾ ಅದನ್ನು ಸೀಳಿ ಹೊರಬಂದು ಇನ್ನೊಂದು ದಿಂಬಾಗುತ್ತದೆ ಅನ್ನುವುದನ್ನು ಬಿಟ್ಟವರೇ ಜಾಸ್ತಿ. ಮತ್ತೆ ವಿಡಿಯೊ ಹಾಕಿದರೆ ಎಲ್ಲರ ಕಣ್ಣೂ ಅದೇ ಜಾಗದ ಮೇಲೆ. ಈಗ ಪುಸ್ತಕ ತೆಗೆಯಿರಿ ಅಂದರೆ ಯಾರೂ ಮುಖ ಸಿಂಡರಿಸುವುದಿಲ್ಲ.

"ನನ್ನ ಮಗ ನೋಡಿ ಕಲಿಯೋನು, ಓದಿ ಕಲಿಯೋನಲ್ಲ" ಅನ್ನುವವರೂ ಇದ್ದಾರೆ. ಮಕ್ಕಳನ್ನು ಹೀಗೆ ವಿಂಗಡಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಆಧಾರವಿಲ್ಲ ಎಂದು 2008ರಲ್ಲೇ ಮನೋವಿಜ್ಞಾನಿಗಳು ಹೇಳಿದ್ದಾರೆ. ದಯವಿಟ್ಟು ಮಗುವಿನ ಹಣೆಗೆ ಆ ಚೀಟಿ ಅಂಟಿಸಬೇಡಿ.

ರಾತ್ರಿ ಫೋನ್ ಕಿತ್ತುಕೊಳ್ಳುವ ಮೊದಲು, ಇವತ್ತು ನೋಡಿದ್ದನ್ನು ನಿಮಗೆ ಹೇಳಿಕೊಡಲು ಹೇಳಿ. ವಿಷಯ ನಿಮಗೆ ಗೊತ್ತಿರಬೇಕೆಂದೇನಿಲ್ಲ. "ಇದು ಯಾಕೆ ಹಾಗೆ?" ಅಂತ ಕೇಳಿದರೆ ಸಾಕು. ತಡವರಿಸಿದ ಜಾಗಕ್ಕೆ ಪುಸ್ತಕದಲ್ಲಿ ಪೆನ್ಸಿಲ್ ಗುರುತು ಹಾಕಿಸಿ, ಬೆಳಿಗ್ಗೆ ನಮ್ಮ ಹತ್ತಿರ ಕಳಿಸಿ. ಅಲ್ಲಿಂದ ಮುಂದಿನದು ನಮ್ಮ ಕೆಲಸ.