ಲೀವ್ ಎಂದರೆ ‘ಹೊರಡು’ ಅಲ್ಲ, ‘ಬಿಡು’

‘ಐ ಲೆಫ್ಟ್ ಫ್ರಂ ದಾವಣಗೆರೆ ಟು ಬೆಂಗಳೂರು.’ ಈ ಒಂದೇ ವಾಕ್ಯ ಎರಡು ಕಡೆ ಎಡವಿದೆ. ಎರಡಕ್ಕೂ ಕಾರಣ ನಮ್ಮ ವಿಭಕ್ತಿ ಪ್ರತ್ಯಯ. ‘ದಾವಣಗೆರೆಯಿಂದ’ ಎನ್ನುವಲ್ಲಿನ ‘ಇಂದ’ ಫ್ರಂ ಆಗಿದೆ, ‘ಬೆಂಗಳೂರಿಗೆ’ ಎನ್ನುವಲ್ಲಿನ ‘ಗೆ’ ಟು ಆಗಿದೆ. ಇಂಗ್ಲಿಷಿನವರು ಹೇಳುವುದು ಹೀಗೆ: ‘ಐ ಲೆಫ್ಟ್ ದಾವಣಗೆರೆ ಫಾರ್ ಬೆಂಗಳೂರು.’

ನೆನಪಿಡುವ ದಾರಿ ಸುಲಭ. ಲೀವ್ ಬಂದ ಕಡೆ ಮನಸ್ಸಿನಲ್ಲಿ ‘ಹೊರಡು’ ಎಂದುಕೊಳ್ಳದೆ ‘ಬಿಡು’ ಎಂದುಕೊಳ್ಳಿ. ಊರು ಬಿಟ್ಟೆ, ಮನೆ ಬಿಟ್ಟೆ, ಆಫೀಸು ಬಿಟ್ಟೆ ಎನ್ನುತ್ತೇವೆ, ‘ಊರಿಂದ ಬಿಟ್ಟೆ’ ಎನ್ನುವುದಿಲ್ಲ. ಹಾಗಾಗಿ ಫ್ರಂ ತಾನಾಗಿ ಉದುರಿಹೋಗುತ್ತದೆ. ‘ಹೊರಡು’ ಎಂಬುದಕ್ಕೆ ಜೋಡಿ ಡಿಪಾರ್ಟ್, ಸೆಟ್ ಆಫ್, ಸ್ಟಾರ್ಟ್. ಇವುಗಳ ಜೊತೆ ಫ್ರಂ ಸಲೀಸಾಗಿ ಕೂರುತ್ತದೆ.

ಹೊರಡುವ ಜಾಗವೇ ಮುಖ್ಯವಾದಾಗ ಮಾತ್ರ ಲೀವ್ ಕೂಡ ಫ್ರಂ ಕರೆಯುತ್ತದೆ: ‘ದ ಟ್ರೈನ್ ಲೀವ್ಸ್ ಫ್ರಂ ಪ್ಲಾಟ್‌ಫಾರ್ಮ್ 1.’ ಯಾವ ಪ್ಲಾಟ್‌ಫಾರ್ಮ್ ಎಂಬುದೇ ಇಲ್ಲಿ ಪ್ರಶ್ನೆ.

ಇನ್ನು ಟು. ಲೀವ್ ಮುಂದೆ ಊರಿನ ಹೆಸರಿಗೆ ಟು ಹಚ್ಚಿದರೆ ಅರ್ಥವೇ ಬೇರೆ ಕಡೆ ವಾಲುತ್ತದೆ. ‘ಹಿ ಲೆಫ್ಟ್ ದ ಹೌಸ್ ಟು ಹಿಸ್ ಡಾಟರ್’ ಎಂದರೆ ಅವನು ಮಗಳ ಮನೆಗೆ ಹೊರಟ ಎಂದಲ್ಲ. ಮನೆಯನ್ನು ಮಗಳ ಪಾಲಿಗೆ ಬಿಟ್ಟು ತೀರಿಕೊಂಡ ಎಂದು. ಬೆಂಗಳೂರನ್ನು ಯಾರೂ ಯಾರಿಗೂ ಹಾಗೆ ಬರೆದುಕೊಡುವಂತಿಲ್ಲ, ಫಾರ್ ಬಳಸಿ.

ಉಚ್ಚಾರಣೆಯಲ್ಲಿ ಲೀವ್ ದೀರ್ಘ, ವಾಸಿಸು ಎನ್ನುವ ಲಿವ್ ಹ್ರಸ್ವ. ‘ಐ ಲೀವ್ ಇನ್ ಚಿತ್ರದುರ್ಗ’ ಎಂದರೆ ಕೇಳಿದವರು ತಬ್ಬಿಬ್ಬಾಗುತ್ತಾರೆ. ಕನ್ನಡದ ಬಿಡು, ಬೀಡು ಜೋಡಿಯನ್ನು ತಿರುವುಮುರುವು ಮಾಡಿಕೊಳ್ಳಿ. ನಮ್ಮಲ್ಲಿ ತೊರೆಯುವುದು ಹ್ರಸ್ವ, ನೆಲೆಸುವುದು ದೀರ್ಘ. ಅವರಲ್ಲಿ ತೊರೆಯುವುದು ದೀರ್ಘ, ನೆಲೆಸುವುದು ಹ್ರಸ್ವ.

‘ಹೊಂಟೆ’ ಎಂಬ ಭೂತಕಾಲ

ಫೋನಿನಲ್ಲಿ ‘ಹೊಂಟೆ ಹೊಂಟೆ’ ಎನ್ನುವವರು ಇನ್ನೂ ಚಪ್ಪಲಿ ಮೆಟ್ಟಿರುವುದಿಲ್ಲ. ಕನ್ನಡದಲ್ಲಿ ಇದು ಸರಿ, ಈಗಲೇ ಆಗಲಿರುವ ಕೆಲಸಕ್ಕೂ ನಾವು ಭೂತಕಾಲ ಬಳಸುತ್ತೇವೆ. ಅದನ್ನೇ ‘ಐ ಲೆಫ್ಟ್’ ಎಂದು ಇಂಗ್ಲಿಷಿಗೆ ತಂದರೆ ಶುದ್ಧ ಸುಳ್ಳಾಗುತ್ತದೆ. ಎದ್ದು ನಿಂತಿದ್ದರೆ ‘ಐ ಆಮ್ ಲೀವಿಂಗ್ ನೌ’ ಅಥವಾ ‘ಐ ಆಮ್ ಆಫ್’. ದಾರಿಯಲ್ಲಿದ್ದರೆ ‘ಐ ಹ್ಯಾವ್ ಲೆಫ್ಟ್’. ಹೊರಟ ಹೊತ್ತನ್ನೂ ಹೇಳುವುದಾದರೆ ಹ್ಯಾವ್ ಬಿದ್ದುಹೋಗಬೇಕು: ‘ಐ ಲೆಫ್ಟ್ ಅಟ್ ಸಿಕ್ಸ್.’ ‘ಐ ಹ್ಯಾವ್ ಲೆಫ್ಟ್ ಅಟ್ ಸಿಕ್ಸ್’ ಎಂಬ ತಪ್ಪು ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬಾಯಲ್ಲೂ ಬರುತ್ತದೆ.

ವೇಳಾಪಟ್ಟಿಯ ಮಾತಾದರೆ ನಾಳಿನದ್ದಕ್ಕೂ ವರ್ತಮಾನ ಸಾಕು: ‘ದ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ.’ ಡಿಪಾರ್ಟ್ ಎಂಬುದನ್ನು ಬೋರ್ಡಿಗೂ ಘೋಷಣೆಗೂ ಬಿಟ್ಟುಬಿಡಿ. ಮಾತಿನಲ್ಲಿ ‘ಐ ಡಿಪಾರ್ಟೆಡ್’ ಎಂದರೆ ಬಿಗಿಯಾಗಿ ಕೇಳಿಸುತ್ತದೆ. ಮೇಲಾಗಿ ‘ದ ಡಿಪಾರ್ಟೆಡ್’ ಎಂದರೆ ಅಗಲಿದವರು.

ಎಲ್ಲ ‘ಬಿಡು’ ಲೀವ್ ಅಲ್ಲ

ಕಲಿಯುವವರು ಹೆಚ್ಚು ಬೀಳುವ ಹೊಂಡ ಇದು. ಭದ್ರಾ ನಾಲೆಗೆ ನೀರು ಬಿಟ್ಟರೆ ರಿಲೀಸ್ಡ್, ‘ದೆ ಲೆಫ್ಟ್ ವಾಟರ್’ ಅಲ್ಲ. ಸಂಜೆ ಶಾಲೆ ಬಿಟ್ಟರೆ ‘ಸ್ಕೂಲ್ ಈಸ್ ಓವರ್’. ಗಡ್ಡ ಬಿಟ್ಟರೆ ‘ಹಿ ಹ್ಯಾಸ್ ಗ್ರೋನ್ ಎ ಬಿಯರ್ಡ್’. ಬೀಡಿ ಬಿಟ್ಟರೆ ‘ಗೇವ್ ಅಪ್’ ಅಥವಾ ಕ್ವಿಟ್. ‘ಬಸ್‌ಸ್ಟ್ಯಾಂಡಿಗೆ ಬಿಡ್ರಿ’ ಎಂದರೆ ಡ್ರಾಪ್. ‘ಹೋಗಲಿ ಬಿಡು’ ಎಂದರೆ ‘ಲೆಟ್ ಇಟ್ ಗೊ’. ‘ನನ್ನನ್ನು ಬಿಡು, ಹೋಗ್ತೀನಿ’ ಎಂಬಲ್ಲಿಯೂ ‘ಲೆಟ್ ಮಿ ಗೊ’ ಎನ್ನಬೇಕು. ‘ಲೀವ್ ಮಿ’ ಎಂದರೆ ನನ್ನನ್ನು ತೊರೆದುಹೋಗು ಎಂಬ ಅರ್ಥವೇ ಮುಂದೆ ಬರುತ್ತದೆ.

ಕೆಲಸ ಬಿಡುವುದರಲ್ಲಿ ಮೂರು ಮೆಟ್ಟಿಲಿವೆ. ಲೀವ್ ತಟಸ್ಥ. ರಿಸೈನ್ ಕಾಗದದ ಮಾತು, ಅದಕ್ಕೆ ಫ್ರಂ ಬೇಕು: ‘ಐ ರಿಸೈನ್ಡ್ ಫ್ರಂ ದ ಬ್ಯಾಂಕ್.’ ಕ್ವಿಟ್ ಖಡಕ್ಕು. 1942ರ ಆಗಸ್ಟಿನ ‘ಕ್ವಿಟ್ ಇಂಡಿಯಾ’ ಕನ್ನಡಕ್ಕೆ ಬರುವಾಗ ಬರೀ ‘ಬಿಡಿ’ ಸಾಲದೆ ‘ಭಾರತ ಬಿಟ್ಟು ತೊಲಗಿ’ ಆಯಿತಲ್ಲ, ಆ ತೊಲಗುವ ಖಾರ ಕ್ವಿಟ್ ಒಳಗೇ ಇದೆ. ಅಲ್ಲಿ ಫ್ರಂ ಇಲ್ಲ ಎಂಬುದನ್ನೂ ಗಮನಿಸಿ. ಹತ್ತಿಗಿರಣಿ ಮುಚ್ಚಿ ಕಾರ್ಮಿಕರನ್ನು ಬಿಡಿಸಿದರೆ ಅದು ಲೇಡ್ ಆಫ್. ಅವರಾಗಿ ಬಿಟ್ಟದ್ದಲ್ಲ, ಹಾಗಾಗಿ ಲೆಫ್ಟ್ ಎಂದು ಬರೆದರೆ ಅನ್ಯಾಯ.

ತೊರೆಯುವುದರಲ್ಲಿ ತಪ್ಪಿನ ತೂಕ ಎಷ್ಟು ಎಂಬುದಕ್ಕೆ ಚಿತ್ರದುರ್ಗದ ಕೋಟೆಯೇ ಪಾಠ. ಓಬವ್ವನ ಗಂಡ ಕಾವಲು ಬಿಟ್ಟು ಊಟಕ್ಕೆ ಹೋದ ಎಂಬುದನ್ನು ‘ಹಿ ಲೆಫ್ಟ್ ಹಿಸ್ ಪೋಸ್ಟ್ ಫಾರ್ ಎ ಮೀಲ್’ ಎಂದರೆ ಸಾಕು. ‘ಡಿಸರ್ಟೆಡ್’ ಎಂದರೆ ಕರ್ತವ್ಯ ತೊರೆದು ಓಡಿಹೋದ ಸೈನಿಕನಾಗುತ್ತಾನೆ. ಉಂಡು ಬರಲು ಹೋದವನ ಮೇಲೆ ಅಷ್ಟು ದೊಡ್ಡ ಆರೋಪ ಬೇಡ. ಡಿಸರ್ಟ್ ಎಂದು ಉಚ್ಚರಿಸುವಾಗ ಒತ್ತು ಪದದ ಎರಡನೆಯ ಭಾಗದ ಮೇಲೆ ಬೀಳಬೇಕು, ಮೊದಲಿನದರ ಮೇಲೆ ಬಿದ್ದರೆ ಮರುಭೂಮಿ. ಅಬ್ಯಾಂಡನ್ ಎಂಬಲ್ಲಿ ಆಸೆಯನ್ನೇ ಕೈಬಿಟ್ಟ ಭಾವವಿದೆ. ನೀರು ಬಾರದೆ ಹಾಗೇ ಬಿಟ್ಟ ಕೊಳವೆಬಾವಿ ‘ಅಬ್ಯಾಂಡನ್ಡ್ ಬೋರ್‌ವೆಲ್’.

ಬಾಡಿಗೆ ರೂಮು ಖಾಲಿ ಮಾಡುವುದು ವೆಕೇಟ್. ‘ಎಂಪ್ಟಿ ದ ರೂಮ್’ ಎಂದರೆ ಸಾಮಾನು ತೆಗೆಯಿರಿ ಎಂದಷ್ಟೇ. ತುಂಗಭದ್ರೆ ಉಕ್ಕಿದಾಗ ನದಿದಂಡೆಯ ಜನರನ್ನು ಸಾಗಿಸುವುದು ಇವ್ಯಾಕ್ಯುಯೇಟ್. ಇದರಲ್ಲಿ ಅಪಾಯ ಇರಲೇಬೇಕು.

ಕಾಲೇಜು ಮುಗಿಸಿದ್ದಕ್ಕೆ ನಾವು ‘ಪಾಸ್ಡ್ ಔಟ್’ ಎನ್ನುತ್ತೇವೆ. ಭಾರತದಲ್ಲಿ ನಡೆಯುತ್ತದೆ, ಹೊರದೇಶದ ಸಂದರ್ಶನದಲ್ಲಿ ಮೂರ್ಛೆ ಹೋದಿರಿ ಎಂದುಕೊಳ್ಳುತ್ತಾರೆ. ‘ಗ್ರಾಜುಯೇಟೆಡ್’ ಎನ್ನಿ.

ರಜೆಯ ಲೀವ್

ರಜೆ ಎಂಬ ಲೀವ್, ಬಿಡು ಎಂಬ ಲೀವ್ ಹುಟ್ಟಿನಿಂದಲೇ ಬೇರೆ ಪದಗಳು. ರಜೆಯದ್ದರ ಮೂಲ ಅರ್ಥ ಅನುಮತಿ. ಮೇಲ್ಮನವಿಗೆ ನ್ಯಾಯಾಲಯ ಕೊಡುವ ಅನುಮತಿಗೆ ‘ಲೀವ್ ಟು ಅಪೀಲ್’ ಎನ್ನುವುದು ಅದರಿಂದಲೇ. ಅನುಮತಿಯನ್ನು ಒಂದು, ಎರಡು ಎಂದು ಎಣಿಸಲಾಗದು. ಆದ್ದರಿಂದ ರಜಾ ಅರ್ಜಿಯಲ್ಲಿ ‘ಟು ಲೀವ್ಸ್’ ಬೇಡ, ಅದು ಎರಡು ಎಲೆ. ‘ಲೀವ್ ಫಾರ್ ಟು ಡೇಸ್’ ಎಂದು ಬರೆಯಿರಿ.

ಬಿಡುವ ಲೀವ್‌ನ ಹಳೆಯ ಅರ್ಥ ‘ಉಳಿಯುವಂತೆ ಮಾಡು’. ಹೋಗುವವರಿಗೂ ಹಿಂದೆ ಉಳಿಯುವ ವಸ್ತುವಿಗೂ ಅದೊಂದೇ ಪದ ಬರಲು ಇದೇ ಕಾರಣ. ಬಸ್ಸಿನಲ್ಲಿ ಬ್ಯಾಗ್ ಮರೆತಾಗ ‘ಐ ಫರ್ಗಾಟ್ ಮೈ ಬ್ಯಾಗ್ ಇನ್ ದ ಬಸ್’ ಎನ್ನುತ್ತೇವೆ. ಜಾಗದ ಹೆಸರು ಬಂದರೆ ಫರ್ಗಾಟ್ ಬೇಡ, ‘ಐ ಲೆಫ್ಟ್ ಮೈ ಬ್ಯಾಗ್ ಆನ್ ದ ಬಸ್.’ ಜಾಗ ಹೇಳದಿದ್ದರೆ ‘ಐ ಫರ್ಗಾಟ್ ಮೈ ಬ್ಯಾಗ್’ ಸರಿಯೇ.