ಹಲಗೆ ಹಾಕುವವರು ಯಾರು?

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಕೇರಳದ 44 ನದಿಗಳಲ್ಲಿ 12 ಹರಿಯುವುದು ಈ ಪುಟ್ಟ ಜಿಲ್ಲೆಯಲ್ಲೇ. ಆದರೂ ಮಾರ್ಚ್ ಬಂತೆಂದರೆ ಅಡಿಕೆ ತೋಟದವರಿಗೆ ನೀರಿನದೇ ಚಿಂತೆ. ಗುಡ್ಡದ ಮುರಕಲ್ಲಿನ (ಜಂಬಿಟ್ಟಿಗೆಯ) ಮೈಯೆಲ್ಲ ತೂತು. ಹೀರಿದ ನೀರನ್ನು ಹೆಚ್ಚು ಕಾಲ ಇಟ್ಟುಕೊಳ್ಳದೆ ತೋಡಿಗೆ, ಅಂದರೆ ಹಳ್ಳಕ್ಕೆ, ಬಿಟ್ಟುಕೊಡುತ್ತದೆ. ಅಲ್ಲಿಂದ ಕಡಲು ದೂರವಿಲ್ಲ. ಇತ್ತ ಬಿರುಬೇಸಿಗೆಯಲ್ಲಿ ಒಂದೊಂದು ಮರಕ್ಕೂ ಮೂರರಿಂದ ಐದು ದಿನಗಳಿಗೊಮ್ಮೆ 175 ಲೀಟರಿನಷ್ಟು ನೀರು ಬೇಕೆಂಬುದು ತಜ್ಞರ ಲೆಕ್ಕ.

ಜಿಲ್ಲೆಯ ಏತಡ್ಕದಂಥ ಊರುಗಳ ಹಿರಿಯರು ಇದಕ್ಕೆ ಕಂಡುಕೊಂಡ ದಾರಿ ‘ಕಟ್ಟ’. ಮಳೆ ನಿಂತು ಹರಿವು ಇಳಿದ ಮೇಲೆ ತೋಟದವರೆಲ್ಲ ಸೇರಿ ಕಲ್ಲು ಮಣ್ಣಿನಿಂದ ತೋಡಿಗೆ ಒಡ್ಡು ಹಾಕುತ್ತಾರೆ. ಮುಂದಿನ ಮಳೆಗಾಲಕ್ಕೆ ಅದು ಕೊಚ್ಚಿಹೋಗುತ್ತದೆ. ನಿಂತ ನೀರು ಇಕ್ಕೆಲದ ನೆಲಕ್ಕೆ ಇಂಗಿ ಬಾವಿಗಳ ಮಟ್ಟ ಏರಿಸುತ್ತದೆ. ಕೆಲಸಕ್ಕೆ ಬಾರದೆ ಮನೆಯಲ್ಲಿ ಕುಳಿತವನ ಬಾವಿಯಲ್ಲೂ ನೀರು ಏರುತ್ತದೆ! ಅರ್ಥಶಾಸ್ತ್ರದ ತಕರಾರು ಶುರುವಾಗುವುದೇ ಇಲ್ಲಿ. ಫಲ ಎಲ್ಲರಿಗೂ ಸಿಗುವಾಗ ನಾನೇಕೆ ದುಡಿಯಲಿ?

ಕೊಳವೆಬಾವಿಗೆ ಈ ಜಂಜಾಟವಿಲ್ಲ. ಪಂಪು ನನ್ನದು, ನೀರೂ ನನ್ನದು. ಕೃಷಿಯ ವಿದ್ಯುತ್ ದರವೂ ಕಡಿಮೆ. ಗಡಿಯಾಚೆಯ ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪಿಗೆ ವಿದ್ಯುತ್ ಉಚಿತ. ನೆರೆಯವನ ಬಾವಿ ಬತ್ತಿದರೆ ಆ ನಷ್ಟ ಯಾರ ಬಿಲ್ಲಿನಲ್ಲೂ ಕಾಣಿಸಿಕೊಳ್ಳುವುದಿಲ್ಲ. ನೀರನ್ನು ಮೇಲೆತ್ತಲು ಸರ್ಕಾರ ಹೀಗೆ ಕೈ ಬಿಚ್ಚಿ ಕೊಡುತ್ತದೆ; ಇಂಗಿಸುವವನ ಕೂಲಿಯ ಮಾತು ಬಂದಾಗ ಮಾತ್ರ ಕೈ ಬಿಗಿಯಾಗುತ್ತದೆ.

ಸರ್ಕಾರಕ್ಕೆ ಒಗ್ಗುವುದು ಕಿಂಡಿ ಅಣೆಕಟ್ಟು. ಕಾಂಕ್ರೀಟು ಕಂಬಗಳ ನಡುವಿನ ಕಿಂಡಿಗಳಿಗೆ ಮಳೆ ಮುಗಿದ ಮೇಲೆ ಹಲಗೆ ಹಾಕಿ, ಎಡೆಗೆ ಮಣ್ಣು ತುಂಬಿ ಸೋರಿಕೆ ತಡೆಯಬೇಕು. ಮುಂಗಾರಿಗೆ ಮೊದಲು ತೆಗೆಯಬೇಕು. ತೆಗೆಯದಿದ್ದರೆ ನೆರೆ ದಂಡೆಯನ್ನೇ ಕೊರೆಯುತ್ತದೆ. ಕಟ್ಟುವುದಕ್ಕೆ ಟೆಂಡರು, ಬಿಲ್ಲು, ಉದ್ಘಾಟನೆ ಎಲ್ಲವೂ ಉಂಟು. ಹಲಗೆ ಹಾಕುವುದಕ್ಕೆ ಉದ್ಘಾಟನೆಯಿಲ್ಲ. ಹಾಗಾಗಿ ಹಲಗೆ ಕುಂಬಾಗಿ ಅಥವಾ ಕಾಣೆಯಾಗಿ, ನೀರು ಕಿಂಡಿಯಲ್ಲಿ ಸಲೀಸಾಗಿ ಹರಿದುಹೋಗುವ ಅಣೆಕಟ್ಟುಗಳು ಕರಾವಳಿಗೆ ಹೊಸತಲ್ಲ.

ಅರ್ಥಶಾಸ್ತ್ರದಲ್ಲಿ 2009ರ ನೊಬೆಲ್ ಪಡೆದ ಎಲಿನೋರ್ ಆಸ್ಟ್ರಂ ಮತ್ತು ಸಂಗಡಿಗರು ನೇಪಾಳದ ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಿದ್ದರು. ರೈತರೇ ನಡೆಸುವ ಕಚ್ಚಾ ಒಡ್ಡಿನ ಕಾಲುವೆಗಳು, ಸರ್ಕಾರ ಕಟ್ಟಿಕೊಟ್ಟ ಪಕ್ಕಾ ಒಡ್ಡಿನವುಗಳಿಗಿಂತ ಎಷ್ಟೋ ಕಡೆ ಚೆನ್ನಾಗಿ ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಿಸುತ್ತಿದ್ದವು. ಕಾರಣ ಸೊಗಸಾಗಿದೆ. ವರ್ಷವರ್ಷವೂ ಒಡೆಯುವ ಒಡ್ಡನ್ನು ದುರಸ್ತಿ ಮಾಡಲು ಕಾಲುವೆಯ ಮೇಲಿನವರಿಗೆ ಕೆಳಗಿನವರ ರಟ್ಟೆ ಬೇಕು, ಆದ್ದರಿಂದ ನೀರಿನಲ್ಲೂ ಪಾಲು ಕೊಡಬೇಕು. ಕಾಂಕ್ರೀಟು ಬಂದೊಡನೆ ಕೆಳಗಿನವರ ಹಂಗು ಹರಿಯಿತು, ಪಾಲೂ ಹೋಯಿತು.

ಕಾಂಕ್ರೀಟೇ ಬೇಡವೆಂದು ನಾನು ವಾದಿಸುವುದಿಲ್ಲ. ಕೂಲಿ ದುಬಾರಿಯಾಗಿ, ಮಕ್ಕಳು ಪಟ್ಟಣ ಸೇರಿರುವ ಊರಿನಲ್ಲಿ ವರ್ಷವರ್ಷ ಕಲ್ಲು ಹೊರಿ ಎನ್ನುವುದು ಸುಲಭವಲ್ಲ. ಆದರೆ ಅಣೆಕಟ್ಟಿನ ಅಂದಾಜುಪಟ್ಟಿ ಬರೆಯುವಾಗಲೇ ಮುಂದಿನ ಹತ್ತು ವರ್ಷಗಳ ಹಲಗೆ ಕೂಲಿಯನ್ನೂ ಅದರಲ್ಲಿ ಸೇರಿಸಬಹುದು. ಆ ಹಣ ಇಲಾಖೆಯ ಕಚೇರಿಯಲ್ಲಿ ಉಳಿಯದೆ, ಕೆಳತೋಟದವರೂ ಸದಸ್ಯರಾಗಿರುವ ಬಳಕೆದಾರರ ಸಮಿತಿಯ ಕೈಗೆ ಬರಬೇಕು.