ಪದ ಪರಿಚಯ: ಕರುಳುಬೇನೆ

ಕೊಪ್ಪಳ ಸೀಮೆಯ ಕುರಿಗಾರರ ಬಾಯಲ್ಲಿ ಇದು ‘ಕರಳಬ್ಯಾನಿ’. ಬೇನೆ ಎಂದರೆ ನೋವೂ ಹೌದು, ರೋಗವೂ ಹೌದು. ಕಾಲುಬಾಯಿ ಬೇನೆ, ಚಪ್ಪೆಬೇನೆ ಎನ್ನುವಾಗ ಇರುವುದು ಎರಡನೆಯ ಅರ್ಥ. ಪಶುವೈದ್ಯರು ಓದುವ ಹೆಸರು ಎಂಟೆರೋಟಾಕ್ಸಿಮಿಯಾ, ಅಂದರೆ ಕರುಳಿನಲ್ಲಿ ಹುಟ್ಟಿದ ನಂಜು ರಕ್ತಕ್ಕೆ ಏರುವುದು. ನಮ್ಮ ಪದ ರೋಗ ಹುಟ್ಟಿದ ಜಾಗವನ್ನಷ್ಟೇ ಹೇಳುತ್ತದೆ. ಕುರಿ ಸಾಯುವುದು ಆ ನಂಜು ಮಿದುಳು ಮುಟ್ಟಿದಾಗ.

ಕುಷ್ಟಗಿ ಕಡೆಯ ನಮ್ಮ ಸೋದರಮಾವ ಬಕ್ರೀದ್ ಸಂತೆಗೆಂದು ಒಂದು ಕೆಂಗುರಿ ಟಗರುಮರಿ ಸಾಕಿದ್ದ. ಒಂದು ರಾತ್ರಿ ಅದು ಹಗ್ಗ ಬಿಚ್ಚಿಕೊಂಡು ಗೋವಿನಜೋಳದ ಚೀಲಕ್ಕೆ ಬಾಯಿ ಹಾಕಿತು. ಬೆಳಿಗ್ಗೆ ನೋಡಿದರೆ ಕತ್ತು ಹಿಂದಕ್ಕೆ ಸೆಟೆದು ಬಿದ್ದಿತ್ತು. ಕಾಲು ಬಡಿದಲ್ಲಿ ಮಣ್ಣು ಅರ್ಧಚಂದ್ರದಂತೆ ಗೀರಿತ್ತು. “ಹಾವು ಮುಟ್ಟೈತಿ” ಅಂದ ಮಾವ. ಡಾಕ್ಟರು ಕೊಯ್ದು ನೋಡಿದಾಗ ಮೂತ್ರಪಿಂಡ ಕೊಳೆತ ಹಣ್ಣಿನಂತೆ ಮೆತ್ತಗಾಗಿತ್ತು: ಹಾವಲ್ಲ, ಕರುಳುಬೇನೆ.

ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ‘ಡಿ’ ಎಂಬ ಸೂಕ್ಷ್ಮಾಣು ಎಷ್ಟೋ ಆರೋಗ್ಯವಂತ ಕುರಿಗಳ ಕರುಳಲ್ಲೂ ಸ್ವಲ್ಪಸ್ವಲ್ಪ ಇರುತ್ತದೆ, ತಂಟೆ ಮಾಡುವುದಿಲ್ಲ. ರೂಢಿಯಿಲ್ಲದ ಕಾಳು ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಪಿಷ್ಟ ಪೂರ್ತಿ ಜೀರ್ಣವಾಗದೆ ಸಣ್ಣಕರುಳಿಗೆ ಇಳಿಯುತ್ತದೆ. ಸೂಕ್ಷ್ಮಾಣುವಿಗೆ ಅದೇ ಹಬ್ಬದೂಟ. ಗಂಟೆಗಳಲ್ಲೇ ಬೆಳೆದು ಎಪ್ಸಿಲಾನ್ ಎಂಬ ನಂಜು ಬಿಡುತ್ತದೆ. ಇದರ ಕುತಂತ್ರ ನೋಡಿ: ಮೊದಲು ಹೊರಬರುವ ನಂಜಿಗೆ ಅಂಥ ಶಕ್ತಿಯಿಲ್ಲ. ಕುರಿಯ ಅನ್ನ ಅರಗಿಸಬೇಕಾದ ಟ್ರಿಪ್ಸಿನ್ ರಸವೇ ಅದನ್ನು ಹರಿತ ಮಾಡಿಕೊಡುತ್ತದೆ.

ಹೆಚ್ಚು ತಿಂದಷ್ಟೂ ನಂಜು ಹೆಚ್ಚು. ಹಾಗಾಗಿಯೇ ಬಡಕಲು ಮರಿ ಉಳಿದು, ಮೈತುಂಬಿದ ಮರಿ ಮೊದಲು ಹೋಗುವುದು. ಮುಂಗಾರಿನ ಮೊದಲ ಮಳೆಗೆ ಚಿಗುರಿದ ಎಳೆಹುಲ್ಲಿಗೆ ಹಿಂಡು ಮುಗಿಬಿದ್ದಾಗಲೂ, ಜೋಳ ಕೊಯ್ದ ಹೊಲದಲ್ಲಿ ಉದುರಿದ ತೆನೆ ಸಿಕ್ಕಾಗಲೂ ಇದೇ ಕಥೆ. ‘ದೃಷ್ಟಿಯಾಯ್ತು’ ಎಂದು ನಿಂಬೆಹಣ್ಣು ಕಟ್ಟುವವರನ್ನು ನಾನು ದೂರುವುದಿಲ್ಲ. ಹಿಂಡಿನಲ್ಲಿ ಚೆಂದ ಕಂಡದ್ದೇ ಸಾಯುವಾಗ ಬೇರೇನು ತೋಚೀತು?

ಔಷಧಿಗೆ ಸಮಯ ಸಿಗುವುದು ಅಪರೂಪ. ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಹಾಕಿಸಬೇಕು: ಮೊದಲ ಸಲ ಕೆಲವು ವಾರಗಳ ಅಂತರದಲ್ಲಿ 2 ಬಾರಿ, ಆಮೇಲೆ ವರ್ಷಕ್ಕೊಮ್ಮೆ. ಹಸಿರಿಗೆ ಬಿಡುವ ಮುನ್ನ ಒಂದಿಷ್ಟು ಒಣಮೇವು ಹಾಕಿ. ಕಾಳನ್ನು ದಿನಕ್ಕೊಂದು ಹಿಡಿಯಂತೆ ಏರಿಸಿ. ಮಾವ ಈಗ ಗೋವಿನಜೋಳದ ಚೀಲವನ್ನು ಅಟ್ಟದ ಮೇಲಿಡುತ್ತಾನೆ.